ಮೊದಲ ದಿನದ ಅಂಕಿ ನೋಡಿ ಕ್ಯಾಟಲಿಸ್ಟ್ ಕೊಳ್ಳಬೇಡಿ

ಪ್ರಶ್ನೆ: ನಾನು ಬಾಗಲಕೋಟೆ ಜಿಲ್ಲೆಯ ಒಂದು ಸಕ್ಕರೆ ಕಾರ್ಖಾನೆಯಲ್ಲಿ ಕೆಮಿಸ್ಟ್. ನಮ್ಮಲ್ಲಿ ದಿನಕ್ಕೆ 60 ಸಾವಿರ ಲೀಟರ್‌ನ ಡಿಸ್ಟಿಲರಿ ಇದೆ. ಈಚೆಗೆ ಒಂದು ಕಂಪನಿಯವರು ಬಂದಿದ್ದರು. ಫರ್ಮೆಂಟರ್‌ನಿಂದ (ಕಾಕಂಬಿ ಹುದುಗಿಸುವ ಟ್ಯಾಂಕ್) ಸುಮ್ನೆ ಗಾಳಿಗೆ ಹೋಗುವ ಕಾರ್ಬನ್ ಡೈಆಕ್ಸೈಡನ್ನು ಹೈಡ್ರೋಜನ್ ಜೊತೆ ಸೇರಿಸಿ ಮೀಥೇನ್ ಮಾಡಿಕೊಡುತ್ತೇವೆ, ಮುಂದೆ ಮೆಥನಾಲ್ ಕೂಡ ಮಾಡಬಹುದು ಎನ್ನುತ್ತಾರೆ. ಸ್ಪೆಂಟ್ ವಾಶ್‌ನ (ಆಲ್ಕೋಹಾಲ್ ತೆಗೆದ ಮೇಲೆ ಉಳಿಯುವ ಕೊಳೆ ನೀರು) ಬಯೋಗ್ಯಾಸ್ ಕೂಡ ಬಳಸಬಹುದಂತೆ. ಅವರ ಕ್ಯಾಟಲಿಸ್ಟ್ (ರಿಯಾಕ್ಷನ್‌ಗೆ ವೇಗ ಕೊಡುವ ವಸ್ತು) ಶೇ 98 ಕನ್ವರ್ಷನ್ ಕೊಡುತ್ತದಂತೆ, ಅಂದರೆ ಒಳಗೆ ಹೋದ ಕಾರ್ಬನ್ ಡೈಆಕ್ಸೈಡ್‌ನಲ್ಲಿ ಶೇ 98 ಮೀಥೇನ್ ಆಗುತ್ತದಂತೆ. 1,000 ಗಂಟೆ ಓಡಿಸಿದರೂ ಒಂಚೂರೂ ಇಳಿದಿಲ್ಲ, 5 ವರ್ಷ ಬಾಳುತ್ತದೆ ಅಂತ ಗ್ರಾಫ್ ತೋರಿಸಿದರು. ಇದು ನಂಬುವ ಮಾತೇ? ಮುಂದಿನ ಸಭೆಯಲ್ಲಿ ಏನು ಕೇಳಬೇಕು ಸರ್?

ಉತ್ತರ: ನಮಸ್ಕಾರ. ಅವರು ಸುಳ್ಳು ಹೇಳಿದ್ದಾರೆ ಅಂತ ನನಗೆ ಅನ್ನಿಸುವುದಿಲ್ಲ. 98, 1,000, 5 ಈ ಮೂರು ಅಂಕಿಗಳೂ ಅವುಗಳ ಜಾಗದಲ್ಲಿ ನಿಜವೇ ಇರಬಹುದು. ತೊಂದರೆ ಏನೆಂದರೆ, ಮೂರನ್ನೂ ಕೂಡಿಸಿ ನೋಡಿದರೂ ನಿಮ್ಮ ಗ್ಯಾಸ್‌ನಲ್ಲಿ ಆ ಕ್ಯಾಟಲಿಸ್ಟ್ ಎಷ್ಟು ದಿನ ಉಳಿಯುತ್ತದೆ ಅಂತ ಗೊತ್ತಾಗುವುದಿಲ್ಲ. ಯಾಕೆ ಅಂತ ಹೇಳುತ್ತೇನೆ. ಸ್ವಲ್ಪ ಲೆಕ್ಕ ಬರುತ್ತದೆ, ನೀವು ಕೆಮಿಸ್ಟ್, ಬೇಜಾರಾಗಲಿಕ್ಕಿಲ್ಲ.

ರಿಯಾಕ್ಷನ್ ಹಳೆಯದು. ಒಂದು ಕಾರ್ಬನ್ ಡೈಆಕ್ಸೈಡ್ ಅಣುವಿಗೆ ನಾಲ್ಕು ಹೈಡ್ರೋಜನ್ ಅಣು ಸೇರಿದರೆ ಒಂದು ಮೀಥೇನ್, ಎರಡು ನೀರು. ಫ್ರಾನ್ಸಿನ ಟುಲೂಸ್‌ನಲ್ಲಿದ್ದ ಪೌಲ್ ಸಬಾಟಿಯೇ 20ನೇ ಶತಮಾನದ ಶುರುವಿನಲ್ಲೇ ಇದನ್ನು ನಿಕ್ಕಲ್ ಮೇಲೆ ಮಾಡಿ ತೋರಿಸಿದರು. 1912ರಲ್ಲಿ ಅವರಿಗೆ ನೊಬೆಲ್ ಬಂತು. ಯೂರಿಯಾ ಕಾರ್ಖಾನೆಗಳಿಗೂ ಇದು ಹೊಸದಲ್ಲ. ಯೂರಿಯಾಕ್ಕೆ ಬೇಕಾದ ಅಮೋನಿಯಾ ಮಾಡುವ ಕಬ್ಬಿಣದ ಕ್ಯಾಟಲಿಸ್ಟ್‌ಗೆ ಕಾರ್ಬನ್ ಮಾನಾಕ್ಸೈಡ್, ಡೈಆಕ್ಸೈಡ್ ಎರಡೂ ಆಗಿಬರುವುದಿಲ್ಲ. ಹಾಗಾಗಿ ಅದಕ್ಕೆ ಮುಂಚೆ ಒಂದು ನಿಕ್ಕಲ್ ಬೆಡ್ (ಕ್ಯಾಟಲಿಸ್ಟ್ ತುಂಬಿದ ಪದರ) ಇಟ್ಟು, ಉಳಿದುಬಿದ್ದಿದ್ದನ್ನೆಲ್ಲ ಮೀಥೇನ್ ಮಾಡಿ 10 ಪಿಪಿಎಂಗಿಂತ (ಹತ್ತು ಲಕ್ಷದಲ್ಲಿ 10 ಭಾಗ) ಕೆಳಗೆ ಇಳಿಸುತ್ತಾರೆ. ಆ ನಿಕ್ಕಲ್ ಬೆಡ್ ವರ್ಷಗಟ್ಟಲೆ ಬಾಳುತ್ತದೆ.

ನಿಮಗೆ ಹೇಳಿದ 5 ವರ್ಷ ಬಹುಶಃ ಅಲ್ಲಿಂದ ಬಂದದ್ದು. ಆದರೆ ಅಲ್ಲಿನ ಪರಿಸ್ಥಿತಿ ನೋಡಿ. ಆ ಬೆಡ್‌ಗೆ ಬರುವ ಗ್ಯಾಸ್ ಅಷ್ಟರಲ್ಲಿ ನಾಲ್ಕೈದು ರಿಯಾಕ್ಟರ್ ದಾಟಿ ಬಂದಿರುತ್ತದೆ. ಅದರಲ್ಲಿದ್ದ ಗಂಧಕವೆಲ್ಲ ಹಿಂದಿನ ಬೆಡ್‌ಗಳಲ್ಲೇ ನಿಂತಿರುತ್ತದೆ. ಕಾರ್ಬನ್ ಆಕ್ಸೈಡ್‌ಗಳು ಎರಡೂ ಸೇರಿ ಶೇ 1ರ ಆಸುಪಾಸು. ವರ್ಷಪೂರ್ತಿ ಒಂದೇ ಹರಿವು, ಒಂದೇ ಒತ್ತಡ. ನಿಮ್ಮಲ್ಲಿ ಗ್ಯಾಸ್‌ನ ಐದನೇ ಒಂದು ಭಾಗ ಕಾರ್ಬನ್ ಡೈಆಕ್ಸೈಡ್ ಇರುತ್ತದೆ, ಅದು ಬರುವುದು ಕಾಕಂಬಿಯಿಂದ, ಹಂಗಾಮು ಮುಗಿದರೆ ಪ್ಲಾಂಟ್ ನಿಲ್ಲುತ್ತದೆ. ಅಲ್ಲಿನ ಆಯುಷ್ಯ ತಂದು ಇಲ್ಲಿಗೆ ಹಚ್ಚಿದರೆ ಆಗುತ್ತದಾ?

ಈಗ ಆ ಗ್ರಾಫ್‌ಗೆ ಬರೋಣ. ಈ ರಿಯಾಕ್ಷನ್ ಒಂದು ಮಿತಿಯವರೆಗೆ ಮಾತ್ರ ಹೋಗುತ್ತದೆ. ಆ ಮಿತಿಯನ್ನು ತಾಪಮಾನ ಮತ್ತು ಒತ್ತಡ ಗೊತ್ತು ಮಾಡುತ್ತವೆ. ಕ್ಯಾಟಲಿಸ್ಟ್ ಎಷ್ಟೇ ಒಳ್ಳೆಯದಿದ್ದರೂ ಅದನ್ನು ದಾಟಿಸಲಾರದು. 10 ಬಾರ್ ಒತ್ತಡ, 300 ಡಿಗ್ರಿ ಆಸುಪಾಸಿನಲ್ಲಿ ಆ ಮಿತಿಯೇ ಶೇ 98ರ ಹತ್ತಿರ ಇದೆ. ಅಂದರೆ ಅವರು ತೋರಿಸಿದ 98 ಅವರ ಕ್ಯಾಟಲಿಸ್ಟ್‌ನ ಗುಣ ಅಲ್ಲ. ಸಾಕಷ್ಟು ಜಾಸ್ತಿ ತುಂಬಿದರೆ ಯಾವ ನಿಕ್ಕಲ್ ಕ್ಯಾಟಲಿಸ್ಟ್ ಆದರೂ ಅದೇ 98 ಕೊಡುತ್ತದೆ.

'ಸಾಕಷ್ಟು ಜಾಸ್ತಿ ತುಂಬಿದರೆ' ಅಂದೆನಲ್ಲ, ಎಲ್ಲ ಇರುವುದು ಅಲ್ಲೇ. ಟ್ಯೂಬ್‌ನಲ್ಲಿ ಬೇಕಾದ್ದಕ್ಕಿಂತ ಮೂರು ಪಟ್ಟು ಕ್ಯಾಟಲಿಸ್ಟ್ ಇದ್ದರೆ, ಮೊದಲ ಮೂರನೇ ಒಂದು ಭಾಗದಲ್ಲೇ ಕೆಲಸ ಮುಗಿದುಹೋಗುತ್ತದೆ. ಉಳಿದದ್ದು ಖಾಲಿ ಕೂತಿರುತ್ತದೆ. ಮೊದಲ ಭಾಗ ಸತ್ತರೆ ಎರಡನೆಯದು ಕೆಲಸಕ್ಕೆ ಇಳಿಯುತ್ತದೆ. ಹೊರಗೆ ಬರುವ ಗ್ಯಾಸ್ ಅಳೆದರೆ ಆಗಲೂ 98. ಊದಿನಕಡ್ಡಿ ಉರಿಯುವ ಹಾಗೆ: ಕೆಂಡ ಕೆಳಗೆ ಇಳಿಯುತ್ತಲೇ ಇರುತ್ತದೆ, ಹೊಗೆ ಮಾತ್ರ ಕೊನೆಯವರೆಗೂ ಒಂದೇ ಸಮ. ಹಾಗಾಗಿ ಆ 1,000 ಗಂಟೆಯ ಸಮತಟ್ಟು ಗೆರೆ ಕ್ಯಾಟಲಿಸ್ಟ್ ಗಟ್ಟಿಮುಟ್ಟಾಗಿದೆ ಅಂತಲೂ ಹೇಳಬಹುದು, ಇನ್ನೇನು ಮುಗಿಯುತ್ತಿದೆ ಅಂತಲೂ ಹೇಳಬಹುದು. ನೋಡಿ ಗುರುತಿಸಲು ಬರುವುದಿಲ್ಲ.

ಗುರುತಿಸುವ ದಾರಿ ಎರಡಿವೆ. ಒಂದು, ಕ್ಯಾಟಲಿಸ್ಟನ್ನು ಬೇಕೆಂದೇ ಕಡಿಮೆ ಹಾಕಿ, ಕನ್ವರ್ಷನ್ ಶೇ 30-40 ಇರುವಂತೆ ಓಡಿಸುವುದು. ಆಗ ಪ್ರತಿ ಹರಳಿಗೂ ಕೆಲಸ ಇರುತ್ತದೆ. ಶಕ್ತಿ ಕುಂದಿದರೆ ಅದು ಆ ದಿನವೇ ಅಂಕಿಯಲ್ಲಿ ಕಾಣುತ್ತದೆ. ಎರಡನೆಯದು ಪ್ಲಾಂಟ್‌ನವರ ದಾರಿ, ನನಗೆ ಇದರ ಮೇಲೆಯೇ ನಂಬಿಕೆ ಜಾಸ್ತಿ. ಬೆಡ್‌ನ ಉದ್ದಕ್ಕೂ ಥರ್ಮೋಕಪಲ್‌ಗಳನ್ನು (ತಾಪ ಅಳೆಯುವ ತಂತಿ) ಇಳಿಬಿಟ್ಟಿರುತ್ತಾರೆ. ರಿಯಾಕ್ಷನ್ ಬಿಸಿ ಹುಟ್ಟಿಸುವುದರಿಂದ, ಎಲ್ಲಿ ಕೆಲಸ ನಡೆಯುತ್ತಿದೆಯೋ ಅಲ್ಲಿ ತಾಪ ಏರುತ್ತದೆ. ಮೊದಲ ವಾರ ಆ ಏರಿಕೆ ಮೇಲಿನಿಂದ ಒಂದಡಿಯೊಳಗೆ ಮುಗಿದಿರುತ್ತದೆ. ಆರು ತಿಂಗಳ ಮೇಲೆ ಅದೇ ಏರಿಕೆ ಎರಡೂವರೆ ಅಡಿ ಕೆಳಗೆ ಕಾಣುತ್ತಿದ್ದರೆ, ಮೇಲಿನದು ಹೋಯಿತು ಅಂತ ಅರ್ಥ. ತಿಂಗಳಿಗೊಂದು ಸಲ ಈ ಜಾಗವನ್ನು ಗ್ರಾಫ್ ಕಾಗದದ ಮೇಲೆ ಗುರುತು ಹಾಕಿ ಗೆರೆ ಎಳೆದರೆ, ಬೆಡ್‌ನ ತಳ ಮುಟ್ಟುವುದು ಯಾವ ತಿಂಗಳು ಅಂತ ಒಬ್ಬ ಶಿಫ್ಟ್ ಆಪರೇಟರ್ ಕೂಡ ಹೇಳಿಬಿಡುತ್ತಾನೆ. ಸಭೆಯಲ್ಲಿ ಮೊದಲು ಕೇಳಬೇಕಾದ್ದು ಇದನ್ನೇ: 'ನಿಮ್ಮ 1,000 ಗಂಟೆಯ ಪರೀಕ್ಷೆಯಲ್ಲಿ ಬೆಡ್‌ನ ಒಳಗಿನ ತಾಪಮಾನ ದಿನದಿನವೂ ಎಲ್ಲೆಲ್ಲಿ ಎಷ್ಟಿತ್ತು, ತೋರಿಸಿ.' ಇಲ್ಲ ಅಂದರೆ, ಆ ಪರೀಕ್ಷೆಗೆ ಯಾವ ಗ್ಯಾಸ್ ಬಳಸಿದಿರಿ ಅಂತ ಕೇಳಿ. ಸಿಲಿಂಡರ್ ಗ್ಯಾಸ್ ಅಂದರೆ ಗಂಧಕದ ಪ್ರಶ್ನೆಯೇ ಅಲ್ಲಿ ಎದ್ದಿರುವುದಿಲ್ಲ.

ಗಂಧಕದ ವಿಷಯಕ್ಕೆ ಬಂದೆ. ಉಳಿದ ಎಲ್ಲವನ್ನೂ ಬಿಟ್ಟರೂ ಇದನ್ನು ಬಿಡಬೇಡಿ. ನಿಕ್ಕಲ್ ಮೇಲೆ ಗಂಧಕ ಒಮ್ಮೆ ಕೂತರೆ, ಮೀಥೇನ್ ಮಾಡುವ ತಾಪಮಾನದಲ್ಲಿ ಅದು ಏಳುವುದೇ ಇಲ್ಲ. ಇಡೀ ಲೋಹ ಗಂಧಕವಾಗಬೇಕಾಗಿಲ್ಲ, ಮೇಲ್ಮೈ ಮುಚ್ಚಿದರೆ ಸಾಕು. ಒಂದು ಚದರ ಮೀಟರ್ ನಿಕ್ಕಲ್ ಮೇಲ್ಮೈ ಮುಚ್ಚಲು ಬೇಕಾಗುವ ಗಂಧಕ 0.44 ಮಿಲಿಗ್ರಾಂ. ಒಂದು ಗ್ರಾಂ ಕ್ಯಾಟಲಿಸ್ಟ್‌ನಲ್ಲಿ 10 ಚದರ ಮೀಟರ್ ನಿಕ್ಕಲ್ ಮೇಲ್ಮೈ ಇದೆ ಅಂತ ಇಟ್ಟುಕೊಳ್ಳಿ. ಒಂದು ಟನ್ ಕ್ಯಾಟಲಿಸ್ಟ್ ಪೂರ್ತಿ ಸಾಯಲು 4.4 ಕೆ.ಜಿ. ಗಂಧಕ ಸಾಕು.

ಈಗ ಗಂಟೆಗೆ 1,000 ಘನ ಮೀಟರ್ ಗ್ಯಾಸ್ ಹೋಗುತ್ತಿದೆ, ಅದರಲ್ಲಿ ಹೈಡ್ರೋಜನ್ ಸಲ್ಫೈಡ್ ಬರೀ 1 ಪಿಪಿಎಂ ಇದೆ ಅನ್ನೋಣ. 1,000 ಘನ ಮೀಟರ್ ಅಂದರೆ ಸುಮಾರು 44.6 ಕಿಲೋಮೋಲ್. ಅದರ ಹತ್ತು ಲಕ್ಷದಲ್ಲೊಂದು ಭಾಗ 0.0446 ಮೋಲ್. ಗಂಧಕದ ಲೆಕ್ಕದಲ್ಲಿ ಗಂಟೆಗೆ 1.43 ಗ್ರಾಂ. ಚಿಟಿಕೆಯಷ್ಟು. 4,400 ಗ್ರಾಂ ಅನ್ನು 1.43ರಿಂದ ಭಾಗಿಸಿದರೆ ಸುಮಾರು 3,080 ಗಂಟೆ. ನಾಲ್ಕು ತಿಂಗಳ ಮೇಲೆ ಒಂದು ವಾರ, ಅಷ್ಟೇ.

ಈಗ ಅವರ 1,000 ಗಂಟೆಯನ್ನು ಇದರ ಪಕ್ಕದಲ್ಲಿಟ್ಟು ನೋಡಿ. 1 ಪಿಪಿಎಂ ಗಂಧಕವಿದ್ದ ಗ್ಯಾಸ್‌ನಲ್ಲೇ ಓಡಿಸಿದ್ದರೂ, 1,000 ಗಂಟೆಗೆ ಬೆಡ್‌ನ ಮೂರನೇ ಒಂದು ಭಾಗ ಮಾತ್ರ ಸತ್ತಿರುತ್ತದೆ. ಗ್ರಾಫ್‌ನಲ್ಲಿ ಆಗಲೂ ಸಮತಟ್ಟು ಗೆರೆಯೇ. 3,000 ಗಂಟೆ ಮುಟ್ಟುವ ಮೊದಲೇ ಕನ್ವರ್ಷನ್ ಇಳಿಯತೊಡಗಿ, ಆ ಹೊತ್ತಿಗೆ ಎಲ್ಲ ಕುಸಿಯುತ್ತದೆ. ಅಷ್ಟರಲ್ಲಿ ನೀವು ಬಿಲ್ ಕೊಟ್ಟು ಮುಗಿಸಿರುತ್ತೀರಿ. ಅದಕ್ಕೇ ಈ ಬೆಡ್‌ಗಳಿಗೆ ಹೋಗುವ ಗ್ಯಾಸ್‌ನಲ್ಲಿ ಗಂಧಕ 0.1 ಪಿಪಿಎಂಗಿಂತ ಕೆಳಗಿರಬೇಕು ಅಂತ ಪಟ್ಟು ಹಿಡಿಯುವುದು. ಅದು ಅತಿ ಮಡಿವಂತಿಕೆ ಅಲ್ಲ.

ನಿಮ್ಮಲ್ಲಿ ಗಂಧಕ ಎಲ್ಲಿಂದ ಬರುತ್ತದೆ ಅಂತ ನಿಮಗೇ ಚೆನ್ನಾಗಿ ಗೊತ್ತು. ಬಿಳಿ ಸಕ್ಕರೆಗಾಗಿ ಕಬ್ಬಿನ ಹಾಲಿಗೆ ಗಂಧಕದ ಹೊಗೆ ಕೊಡುತ್ತೀರಿ. ಅದರ ಉಳಿಕೆ ಕಾಕಂಬಿಗೆ ಬರುತ್ತದೆ, ಅಲ್ಲಿಂದ ಸ್ಪೆಂಟ್ ವಾಶ್‌ಗೆ ಸಲ್ಫೇಟ್ ಆಗಿ ಸೇರುತ್ತದೆ. ಬಯೋಗ್ಯಾಸ್ ಮಾಡುವ ಡೈಜೆಸ್ಟರ್‌ನ ಬ್ಯಾಕ್ಟೀರಿಯಾ ಅದನ್ನು ಹೈಡ್ರೋಜನ್ ಸಲ್ಫೈಡ್ ಮಾಡುತ್ತವೆ. ಡಿಸ್ಟಿಲರಿ ಬಯೋಗ್ಯಾಸ್‌ನಲ್ಲಿ ಅದು ಶೇ 2ರಿಂದ 4 ಇರುವುದು ಸಾಮಾನ್ಯ. ಶೇ 3 ಅಂದರೆ 30,000 ಪಿಪಿಎಂ. ಅದನ್ನು 0.1ಕ್ಕೆ ಇಳಿಸುವುದು ಅಂದರೆ ಮೂರು ಲಕ್ಷ ಪಾಲಿನಲ್ಲಿ ಒಂದು ಪಾಲು ಉಳಿಸುವುದು. ಆಗದ ಕೆಲಸವಲ್ಲ. ಮೊದಲು ಸ್ಕ್ರಬ್ಬರ್ (ಗ್ಯಾಸ್ ತೊಳೆಯುವ ಗೋಪುರ), ಆಮೇಲೆ ಕಬ್ಬಿಣದ ಆಕ್ಸೈಡ್, ಕೊನೆಗೆ ಬಿಸಿ ಜಿಂಕ್ ಆಕ್ಸೈಡ್ ಬೆಡ್. ಆದರೆ ಪ್ರತಿ ಹಂತಕ್ಕೂ ಖರ್ಚಿದೆ, ಅವರ ಕೊಟೇಶನ್‌ನಲ್ಲಿ ಅದು ಇದೆಯೇ ನೋಡಿ. ನನ್ನ ಅಭಿಪ್ರಾಯ ಕೇಳಿದರೆ, ಬಯೋಗ್ಯಾಸ್ ಸಹವಾಸ ಮೊದಲ ಹಂತದಲ್ಲಿ ಬೇಡ. ಅದು ಬಾಯ್ಲರ್‌ಗೆ ಹೋಗುತ್ತಿದ್ದರೆ ಹೋಗಲಿ.

ಫರ್ಮೆಂಟರ್ ಗ್ಯಾಸ್ ಇದಕ್ಕಿಂತ ಬಹಳ ಮೇಲು, ಹೆಚ್ಚುಕಡಿಮೆ ಶುದ್ಧ ಕಾರ್ಬನ್ ಡೈಆಕ್ಸೈಡ್. ಆದರೂ ಯೀಸ್ಟ್ ತನ್ನ ಪಾಡಿಗೆ ಒಂದಿಷ್ಟು ಹೈಡ್ರೋಜನ್ ಸಲ್ಫೈಡ್ ಬಿಡುತ್ತದೆ. ಜೊತೆಗೆ ಡೈಮೀಥೈಲ್ ಸಲ್ಫೈಡ್, ಅಸಿಟಾಲ್ಡಿಹೈಡ್, ಸ್ವಲ್ಪ ಆಲ್ಕೋಹಾಲ್ ಆವಿ. ಇದರಲ್ಲಿ ಡೈಮೀಥೈಲ್ ಸಲ್ಫೈಡ್ ಕಳ್ಳ. ಜಿಂಕ್ ಆಕ್ಸೈಡ್ ಬೆಡ್ ಹೈಡ್ರೋಜನ್ ಸಲ್ಫೈಡನ್ನು ಹಿಡಿಯುತ್ತದೆ, ಇದನ್ನು ಬಿಟ್ಟುಬಿಡುತ್ತದೆ. ಮೊದಲು ಕೋಬಾಲ್ಟ್-ಮಾಲಿಬ್ಡಿನಂ ಕ್ಯಾಟಲಿಸ್ಟ್ ಮೇಲೆ, ಸುಮಾರು 350 ಡಿಗ್ರಿಯಲ್ಲಿ, ಹೈಡ್ರೋಜನ್ ಕೊಟ್ಟು ಅದನ್ನು ಒಡೆದು ಹೈಡ್ರೋಜನ್ ಸಲ್ಫೈಡ್ ಮಾಡಬೇಕು. ಆಮೇಲೆ ಜಿಂಕ್ ಆಕ್ಸೈಡ್. ಗಂಧಕ ತಡೆಯಲು 'ಗಾರ್ಡ್ ಬೆಡ್ ಇದೆ ಸರ್' ಅಂತ ಅವರು ಹೇಳಿದ ಕೂಡಲೇ ತಲೆ ಆಡಿಸಬೇಡಿ. ಗಾರ್ಡ್ ಬೆಡ್‌ನಲ್ಲಿ ಏನು ತುಂಬಿದ್ದೀರಿ, ಯಾವ ತಾಪದಲ್ಲಿ ಓಡುತ್ತದೆ, ಡೈಮೀಥೈಲ್ ಸಲ್ಫೈಡ್‌ಗೆ ಏನು ವ್ಯವಸ್ಥೆ ಅಂತ ಕೇಳಿ.

ಅದಕ್ಕೂ ಮುಂಚೆ ನಿಮ್ಮ ಗ್ಯಾಸ್ ಅಳೆಸಿ. ಕೈಪಂಪ್ ಹಾಕಿ ಬಣ್ಣ ನೋಡುವ ಗಾಜಿನ ಟ್ಯೂಬ್ ನಿಮ್ಮ ಲ್ಯಾಬ್‌ನಲ್ಲಿ ಇರಬಹುದು. ಜಾಸ್ತಿ ಇದ್ದಾಗ ಅದು ಸಾಕು, 0.1 ಪಿಪಿಎಂ ಮಟ್ಟಕ್ಕೆ ಅದು ಪ್ರಯೋಜನವಿಲ್ಲ. ಗಂಧಕಕ್ಕೆಂದೇ ಡಿಟೆಕ್ಟರ್ ಇರುವ ಗ್ಯಾಸ್ ಕ್ರೊಮಟೋಗ್ರಾಫ್ ಬೇಕು. ಸ್ಯಾಂಪಲ್ ತೆಗೆಯುವಾಗಲೂ ಹುಷಾರು. ಮಾಮೂಲಿ ಸ್ಟೀಲ್ ಸಿಲಿಂಡರ್‌ನಲ್ಲಿ ಹಿಡಿದು ಬೆಂಗಳೂರಿಗೆ ಕಳಿಸಿದರೆ, ದಾರಿಯಲ್ಲೇ ಗಂಧಕ ಗೋಡೆಗೆ ಅಂಟಿಕೊಂಡು, ರಿಪೋರ್ಟ್‌ನಲ್ಲಿ 'ಇಲ್ಲ' ಅಂತ ಬರುತ್ತದೆ. ಒಳಗೆ ಸಿಲಿಕಾ ಲೇಪನ ಇರುವ ಸಿಲಿಂಡರ್ ಕೇಳಿ ತರಿಸಿಕೊಳ್ಳಿ. ಒಂದೇ ಸ್ಯಾಂಪಲ್‌ಗೆ ತೃಪ್ತಿಪಡಬೇಡಿ. ಬ್ಯಾಚ್ ಶುರುವಿನಲ್ಲಿ ಗಾಳಿ ಬೆರೆತಿರುತ್ತದೆ, ನಡುವೆ ಯೀಸ್ಟ್ ಜೋರಾಗಿದ್ದಾಗ ಗಂಧಕದ ಮಟ್ಟ ಬೇರೆ, ಕೊನೆಗೆ ಬೇರೆ. ಆಮ್ಲಜನಕವನ್ನೂ ಅಳೆಸಿ. ಅದು ಹೈಡ್ರೋಜನ್ ತಿಂದು ನೀರಾಗುತ್ತದೆ, ಜೊತೆಗೆ ಬೇಡದ ಬಿಸಿ ಹುಟ್ಟಿಸುತ್ತದೆ.

ಬಿಸಿ ಅಂದೆ. ಕ್ಯಾಟಲಿಸ್ಟ್‌ನ ಎರಡನೇ ಶತ್ರು ಅದೇ. ಅಮೋನಿಯಾ ಪ್ಲಾಂಟ್‌ನ ಗ್ಯಾಸ್‌ನಲ್ಲಿ ಶೇ 1ರಷ್ಟು ಕಾರ್ಬನ್ ಡೈಆಕ್ಸೈಡ್ ಮೀಥೇನ್ ಆದರೆ ಬೆಡ್ ಸುಮಾರು 60 ಡಿಗ್ರಿ ಏರುತ್ತದೆ. ನಿಮ್ಮದರಲ್ಲಿ ಶೇ 20 ಇದೆ. ತಣ್ಣಗೆ ಮಾಡುವ ವ್ಯವಸ್ಥೆ ಇಲ್ಲದಿದ್ದರೆ ಬೆಡ್ 600 ಡಿಗ್ರಿ ದಾಟುತ್ತದೆ. ನಿಕ್ಕಲ್ ಕರಗುವುದು 1,455 ಡಿಗ್ರಿಯಲ್ಲಿ, ಅಷ್ಟು ದೂರ ಇದೆಯಲ್ಲ ಅನ್ನಿಸಬಹುದು. ಆದರೆ ಕೆಲ್ವಿನ್ ಲೆಕ್ಕದಲ್ಲಿ ಕರಗುವ ಬಿಂದುವಿನ ಅರ್ಧಕ್ಕೆ ಬಂದರೆ ಲೋಹದ ಪರಮಾಣುಗಳು ಓಡಾಡಲು ಶುರು ಮಾಡುತ್ತವೆ. ನಿಕ್ಕಲ್‌ಗೆ ಅದು ಸುಮಾರು 590 ಡಿಗ್ರಿ. ಮೇಲ್ಮೈಯ ಪರಮಾಣುಗಳು ಅದಕ್ಕೂ ಬಹಳ ಮುಂಚೆಯೇ ಸರಿದಾಡುತ್ತವೆ. ಕೆಲವೇ ನ್ಯಾನೋಮೀಟರ್ ಅಗಲದ ಕಣಗಳು ಒಂದಕ್ಕೊಂದು ಸೇರಿ ದಪ್ಪ ಆಗುತ್ತವೆ. ತೂಕ ಅಷ್ಟೇ ಇರುತ್ತದೆ, ಮೇಲ್ಮೈ ಮಾತ್ರ ಕರಗಿಹೋಗುತ್ತದೆ. ಹಬೆ ಇದ್ದರೆ ಇದು ಇನ್ನೂ ಜೋರು, ಮತ್ತು ಈ ರಿಯಾಕ್ಷನ್‌ನಲ್ಲಿ ಹಬೆ ತಾನಾಗಿಯೇ ಹುಟ್ಟುತ್ತದೆ. ಸಾಲದ್ದಕ್ಕೆ ತಾಪ ಏರಿದಷ್ಟೂ ಆ 98ರ ಮಿತಿಯೇ ಕೆಳಗಿಳಿಯುತ್ತದೆ.

ಹಾಗಾಗಿ ಬೆಡ್‌ನ ಗರಿಷ್ಠ ತಾಪ ಎಷ್ಟು, ಆ ಬಿಸಿಯನ್ನು ಯಾವುದರಿಂದ ತೆಗೆಯುತ್ತೀರಿ ಅಂತ ಕೇಳಿ. ಥರ್ಮಲ್ ಆಯಿಲ್ ಸುತ್ತಿಸುವ ಸಣ್ಣ ಟ್ಯೂಬ್‌ಗಳು, ಒಂದರ ಹಿಂದೊಂದು ಬೆಡ್ ಇಟ್ಟು ನಡುವೆ ತಣ್ಣಗೆ ಮಾಡುವುದು, ಗ್ಯಾಸ್‌ನ ಒಂದು ಪಾಲನ್ನು ತಿರುಗಿ ಒಳಗೆ ಬಿಡುವುದು, ಹೀಗೆ ಬೇರೆ ಬೇರೆ ಪದ್ಧತಿ ಇವೆ. ಒಂದು ಟನ್ ಕಾರ್ಬನ್ ಡೈಆಕ್ಸೈಡ್ ಮೀಥೇನ್ ಆದರೆ ಸುಮಾರು 1,000 ಯೂನಿಟ್ ವಿದ್ಯುತ್ತಿಗೆ ಸಮನಾದ ಬಿಸಿ ಹೊರಬರುತ್ತದೆ. ಸಕ್ಕರೆ ಕಾರ್ಖಾನೆಯಲ್ಲಿ ಅದರಿಂದ ಸ್ಟೀಮ್ ಮಾಡಿಕೊಳ್ಳಬಹುದು, ಅದೊಂದು ಲಾಭ.

ನಿಲ್ಲಿಸಿ ಶುರು ಮಾಡುವ ವಿಷಯ ಬ್ರೋಷರ್‌ಗಳಲ್ಲಿ ಬರುವುದೇ ಇಲ್ಲ. ಸಕ್ಕರೆ ಕಾರ್ಖಾನೆಗೆ ಮಾತ್ರ ಅದು ದೊಡ್ಡ ವಿಷಯ. ಹಂಗಾಮು ಮುಗಿದಾಗ ಒಮ್ಮೆ ನಿಲ್ಲುತ್ತೀರಿ. ಕರೆಂಟ್ ಹೋದರೆ, ಮಳೆಗಾಲದಲ್ಲಿ ಹೈಡ್ರೋಜನ್‌ಗೆ ವಿದ್ಯುತ್ ಕೊಡುವ ಸೋಲಾರ್ ಕೈಕೊಟ್ಟರೆ ಮತ್ತೆ ನಿಲ್ಲುತ್ತೀರಿ. ಪ್ರತಿ ಸಲ ಕಾಯಿಸಿ ತಣ್ಣಗೆ ಮಾಡಿದಾಗಲೂ ಪೆಲೆಟ್‌ಗಳು (ಕ್ಯಾಟಲಿಸ್ಟ್ ಗುಳಿಗೆಗಳು) ಹಿಗ್ಗಿ ಕುಗ್ಗಿ ಬಿರುಕು ಬಿಡುತ್ತವೆ, ಪುಡಿ ಉದುರುತ್ತದೆ, ಬೆಡ್‌ನ ಎರಡು ತುದಿಯ ಒತ್ತಡದ ವ್ಯತ್ಯಾಸ ಏರುತ್ತದೆ. ಅದಕ್ಕೇ ಪೆಲೆಟ್‌ನ ಒಡೆಯುವ ಬಲವನ್ನೂ ಕೇಳಬೇಕು, ಹೊಸದರದ್ದು ಮತ್ತು ಬಳಸಿದ್ದರದ್ದು ಎರಡೂ.

ಇಲ್ಲಿ ಸುರಕ್ಷತೆಯ ಎರಡು ಮಾತು ಹೇಳಲೇಬೇಕು. ಕಾರ್ಬನ್ ಮಾನಾಕ್ಸೈಡ್ ಇರುವಾಗ ನಿಕ್ಕಲ್ ಬೆಡ್ 200 ಡಿಗ್ರಿಗಿಂತ ಕೆಳಗೆ ಇಳಿದರೆ ನಿಕ್ಕಲ್ ಕಾರ್ಬೊನಿಲ್ ಹುಟ್ಟಬಹುದು. ಅದು ಅತಿ ವಿಷದ ಗ್ಯಾಸ್, ಜೊತೆಗೆ ನಿಮ್ಮ ನಿಕ್ಕಲ್ಲನ್ನೂ ಹೊತ್ತುಕೊಂಡು ಹೋಗುತ್ತದೆ. ಆ ತಾಪ ಬರುವ ಮೊದಲೇ ನೈಟ್ರೋಜನ್ ಬಿಟ್ಟು ಗ್ಯಾಸ್ ತೊಳೆದುಬಿಡಬೇಕು. ಇನ್ನೊಂದು, ಕೆಲಸ ಮಾಡಿದ ನಿಕ್ಕಲ್ ಆಗಲಿ ತಾಮ್ರ ಆಗಲಿ, ಗಾಳಿ ತಾಗಿದರೆ ತಾನಾಗಿಯೇ ಕಾಯುತ್ತದೆ. ಬೇಸಿಗೆಯಲ್ಲಿ 'ಸ್ವಲ್ಪ ಒಳಗೆ ನೋಡೋಣ' ಅಂತ ಯಾರೋ ಮ್ಯಾನ್‌ಹೋಲ್ ತೆಗೆದರೆ ಬೆಡ್ ಕೆಂಪಗಾಗಬಹುದು. ನೈಟ್ರೋಜನ್ ತುಂಬಿಟ್ಟಿದ್ದರೆ ಅದರೊಳಗೆ ತಲೆ ಹಾಕಿದವನಿಗೆ ಉಸಿರಿಲ್ಲ. ನಿಮ್ಮ ಡೈಜೆಸ್ಟರ್, ಮೊಲಾಸಿಸ್ ಟ್ಯಾಂಕ್‌ಗಳಿಗೆ ಇಳಿಯುವಾಗ ಇರುವ ಪರ್ಮಿಟ್ ಶಿಸ್ತು ಇಲ್ಲಿಗೂ ಬೇಕು.

ಮೆಥನಾಲ್ ಕಥೆ ಸ್ವಲ್ಪ ಬೇರೆ. ಅಲ್ಲಿ ತಾಮ್ರ, ಜಿಂಕ್ ಆಕ್ಸೈಡ್, ಅಲ್ಯುಮಿನಾ ಸೇರಿದ ಕ್ಯಾಟಲಿಸ್ಟ್. 1960ರ ದಶಕದಲ್ಲಿ ಬ್ರಿಟನ್ನಿನ ಐಸಿಐ ಕಂಪನಿ ಇದನ್ನು ಬಳಕೆಗೆ ತಂದಿತು. ತಾಮ್ರ 1,085 ಡಿಗ್ರಿಗೇ ಕರಗುವ ಲೋಹ, ಹಾಗಾಗಿ ನಿಕ್ಕಲ್‌ಗಿಂತ ಬೇಗ ಕಣಗಳು ಕೂಡಿಕೊಳ್ಳುತ್ತವೆ. 300 ಡಿಗ್ರಿ ಮೀರಲು ಬಿಡುವುದಿಲ್ಲ. ಮಾಮೂಲಿ ಮೆಥನಾಲ್ ಪ್ಲಾಂಟ್‌ಗಳಲ್ಲಿ ಕಾರ್ಬನ್ ಮಾನಾಕ್ಸೈಡ್ ಜಾಸ್ತಿ, ಅದರಿಂದ ನೀರು ಬರುವುದು ಕಡಿಮೆ. ಬರೀ ಕಾರ್ಬನ್ ಡೈಆಕ್ಸೈಡ್ ಕೊಟ್ಟರೆ ಒಂದು ಮೆಥನಾಲ್‌ಗೆ ಒಂದು ನೀರು ಕಟ್ಟಿಟ್ಟ ಬುತ್ತಿ. ಆ ಆವಿ ತಾಮ್ರದ ಕಣಗಳನ್ನೂ ಜಿಂಕ್ ಆಕ್ಸೈಡ್ ಹರಳುಗಳನ್ನೂ ದಪ್ಪ ಮಾಡುತ್ತದೆ. ಹಳೆಯ ಪ್ಲಾಂಟ್‌ಗಳಲ್ಲಿ 3-5 ವರ್ಷ ಬಾಳಿದ ಕ್ಯಾಟಲಿಸ್ಟ್ ಇಲ್ಲೂ ಅಷ್ಟೇ ಬಾಳುತ್ತದೆ ಅಂತ ಸುಮ್ನೆ ಒಪ್ಪಿಕೊಳ್ಳಲು ಬರುವುದಿಲ್ಲ. ಇದಕ್ಕೂ ಗಂಧಕ ಆಗದು, ಕ್ಲೋರೈಡ್ ಅಂತೂ ಇನ್ನೂ ಆಗದು.

ಮೆಥನಾಲ್‌ಗೂ 'ಶೇ 95 ಕನ್ವರ್ಷನ್' ಅಂತ ಯಾರಾದರೂ ಹೇಳಿದರೆ, ಒಂದೇ ಸುತ್ತಿನಲ್ಲೋ ತಿರುಗಿ ತಿರುಗಿ ಕಳಿಸಿಯೋ ಅಂತ ಕೇಳಿ. 50 ಬಾರ್, 250 ಡಿಗ್ರಿಯಲ್ಲಿ ಒಂದು ಸುತ್ತಿಗೆ ಕಾಲು ಭಾಗದ ಆಸುಪಾಸಿಗಿಂತ ಜಾಸ್ತಿ ಆಗಲು ಪ್ರಕೃತಿಯೇ ಬಿಡುವುದಿಲ್ಲ. ಉಳಿದ ಗ್ಯಾಸನ್ನು ಕಂಪ್ರೆಸರ್ ಹಾಕಿ ಮತ್ತೆ ಮತ್ತೆ ಸುತ್ತಿಸಬೇಕು. ಆ ಸುತ್ತಿನಲ್ಲಿ ಕಸದ ಗ್ಯಾಸ್ ಸೇರಿಕೊಳ್ಳುತ್ತಾ ಹೋಗುತ್ತದೆ, ಒಂದಿಷ್ಟು ಹೊರಗೆ ಬಿಡಲೇಬೇಕು.

ಹಾಗಂತ ಇದು ಕನಸೇನೂ ಅಲ್ಲ. ಐಸ್‌ಲ್ಯಾಂಡಿನ ಸ್ವಾರ್ಟ್ಸೆಂಗಿಯಲ್ಲಿ ಭೂಶಾಖದ ವಿದ್ಯುತ್ ಕೇಂದ್ರದಿಂದ ಬರುವ ಕಾರ್ಬನ್ ಡೈಆಕ್ಸೈಡ್‌ನಿಂದ ವರ್ಷಕ್ಕೆ 4,000 ಟನ್ ಮೆಥನಾಲ್ ಮಾಡುವ ಪ್ಲಾಂಟ್ ಕಟ್ಟಿದರು, ನೊಬೆಲ್ ಪಡೆದ ಜಾರ್ಜ್ ಓಲಾ ಅವರ ಹೆಸರಿಟ್ಟರು. ಅಲ್ಲೂ ಭೂಮಿಯಿಂದ ಏಳುವ ಹಬೆಯಲ್ಲಿ ಹೈಡ್ರೋಜನ್ ಸಲ್ಫೈಡ್ ಇರುತ್ತದೆ, ತೆಗೆದೇ ಒಳಗೆ ಬಿಡಬೇಕು. ಅದೇ ತಂತ್ರಜ್ಞಾನದಿಂದ ಚೀನಾದ ಅನ್ಯಾಂಗ್‌ನಲ್ಲಿ 2022ರಲ್ಲಿ ವರ್ಷಕ್ಕೆ 1.1 ಲಕ್ಷ ಟನ್ನಿನ ಪ್ಲಾಂಟ್ ಶುರುವಾಯಿತು. ನಮ್ಮಲ್ಲಿ ಎನ್‌ಟಿಪಿಸಿ ಮಧ್ಯಪ್ರದೇಶದ ವಿಂಧ್ಯಾಚಲದಲ್ಲಿ ದಿನಕ್ಕೆ 10 ಟನ್ನಿನ ಘಟಕ ಹಾಕಿದೆ. ನಿಮ್ಮ ಪ್ರಸ್ತಾಪಕ್ಕೆ ಎಲ್ಲಕ್ಕಿಂತ ಹತ್ತಿರದ್ದು ಜರ್ಮನಿಯ ವೆರ್ಲ್ಟೆ. ಅಲ್ಲಿ 2013ರಲ್ಲಿ ಆಡಿ ಕಂಪನಿ ಬಯೋಗ್ಯಾಸ್ ಘಟಕದ ಕಾರ್ಬನ್ ಡೈಆಕ್ಸೈಡನ್ನು 6 ಮೆಗಾವಾಟ್ ಎಲೆಕ್ಟ್ರೋಲೈಸರ್‌ನ (ವಿದ್ಯುತ್ತಿನಿಂದ ನೀರು ಒಡೆಯುವ ಯಂತ್ರ) ಹೈಡ್ರೋಜನ್ ಜೊತೆ ಸೇರಿಸಿ ಮೀಥೇನ್ ಮಾಡಲು ಶುರು ಮಾಡಿತು.

ಬಯೋಗ್ಯಾಸ್‌ನ ಮೀಥೇನ್, ಕಾರ್ಬನ್ ಡೈಆಕ್ಸೈಡ್ ಎರಡನ್ನೂ ಕೂಡಿಸಿ 800 ಡಿಗ್ರಿಯಲ್ಲಿ ಸಿನ್‌ಗ್ಯಾಸ್ (ಹೈಡ್ರೋಜನ್, ಕಾರ್ಬನ್ ಮಾನಾಕ್ಸೈಡ್ ಮಿಶ್ರಣ) ಮಾಡುವ 'ಡ್ರೈ ರಿಫಾರ್ಮಿಂಗ್' ಮಾತೂ ಅವರು ಎತ್ತಬಹುದು. ಕಾಗದದ ಮೇಲೆ ಚಂದ. ನಿಕ್ಕಲ್ ಮೇಲೆ ಅದು ಮಸಿ ಕಟ್ಟುತ್ತದೆ. ಆ ಕಾರ್ಬನ್ ಕೂದಲೆಳೆಯ ಹಾಗೆ ಬೆಳೆದು, ನಿಕ್ಕಲ್ ಕಣವನ್ನೇ ತುದಿಯಲ್ಲಿ ಎತ್ತಿಕೊಂಡು ಹೋಗಿ, ಪೆಲೆಟ್ಟನ್ನು ಒಳಗಿನಿಂದ ಸೀಳುತ್ತದೆ. ತಮಾಷೆ ಎಂದರೆ, ಡೆನ್ಮಾರ್ಕಿನ ಟಾಪ್ಸೋ ಕಂಪನಿ ಇದನ್ನು ತಡೆಯಲು ಗ್ಯಾಸ್‌ಗೆ ಬೇಕೆಂದೇ ಅಷ್ಟಿಷ್ಟು ಗಂಧಕ ಬೆರೆಸುವ ಪದ್ಧತಿ ಮಾಡಿತು. ಅಷ್ಟು ತಾಪದಲ್ಲಿ ಗಂಧಕ ಮೇಲ್ಮೈಯ ಒಂದು ಪಾಲನ್ನು ಮುಚ್ಚಿದರೆ ಕಾರ್ಬನ್ ಬೆಳೆಯಲು ಬೇಕಾದಷ್ಟು ಜಾಗ ಸಿಗುವುದಿಲ್ಲ, ರಿಯಾಕ್ಷನ್ ಮಾತ್ರ ನಿಧಾನವಾಗಿ ನಡೆಯುತ್ತದೆ. ನಿಮ್ಮ ಸೈಜ್‌ಗೆ ಇದೆಲ್ಲ ಬೇಡ.

ಗ್ಯಾಸ್ ಶುದ್ಧ ಮಾಡದೆ ಕ್ಯಾಟಲಿಸ್ಟ್ ಬಾಳದು ಅನ್ನುವುದಕ್ಕೆ ನಮ್ಮ ದೇಶದ್ದೇ ದೊಡ್ಡ ಉದಾಹರಣೆ ಇದೆ. ಕಾರಿನ ಸೈಲೆನ್ಸರ್ ದಾರಿಯಲ್ಲಿರುವ ಕ್ಯಾಟಲಿಟಿಕ್ ಕನ್ವರ್ಟರ್‌ನಲ್ಲಿ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಇರುತ್ತವೆ. ಪೆಟ್ರೋಲ್‌ನ ಸೀಸ ಇವನ್ನು ಕೊಲ್ಲುತ್ತದೆ. 1995ರಲ್ಲಿ ನಾಲ್ಕು ಮಹಾನಗರಗಳ ಹೊಸ ಕಾರುಗಳಿಗೆ ಕನ್ವರ್ಟರ್ ಕಡ್ಡಾಯವಾದಾಗಲೇ ಅಲ್ಲಿ ಸೀಸವಿಲ್ಲದ ಪೆಟ್ರೋಲ್ ತರಬೇಕಾಯಿತು. 2000ದ ಫೆಬ್ರವರಿಯಿಂದ ದೇಶಪೂರ್ತಿ ಸೀಸ ಹೋಯಿತು. 2020ರ ಏಪ್ರಿಲ್‌ನಲ್ಲಿ ಬಿಎಸ್-6 ಬಂದಾಗ ಇಂಧನದ ಗಂಧಕವನ್ನು 50ರಿಂದ 10 ಪಿಪಿಎಂಗೆ ಇಳಿಸಿದರು. ಅದಕ್ಕಾಗಿ ರಿಫೈನರಿಗಳು ಹೊಸ ಘಟಕಗಳನ್ನೇ ಹಾಕಬೇಕಾಯಿತು. ಅಂಗೈಯಗಲದ ಜೇನುಗೂಡಿನಂಥ ತುಂಡು ಲಕ್ಷಕ್ಕೂ ಹೆಚ್ಚು ಕಿಲೋಮೀಟರ್ ಬಾಳುವುದಕ್ಕೆ ಹಿಂದೆ ಇಷ್ಟೆಲ್ಲ ಇದೆ.

ಕ್ಯಾಟಲಿಸ್ಟನ್ನೇ ಗಟ್ಟಿ ಮಾಡುವ ಕೆಲಸವೂ ನಡೆದಿದೆ, ಅದೂ ನಮ್ಮಲ್ಲೇ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಎಂ.ಎಸ್. ಹೆಗಡೆ ಮತ್ತು ಸಂಗಡಿಗರು ಪಲ್ಲಾಡಿಯಂ, ಪ್ಲಾಟಿನಂಗಳನ್ನು ಕಣಗಳಾಗಿ ಮೇಲೆ ಕೂರಿಸುವ ಬದಲು, ಸೀರಿಯಂ ಆಕ್ಸೈಡ್ ಹರಳಿನೊಳಗೇ ಅಯಾನುಗಳಾಗಿ ಸೇರಿಸಿದರು. ಕಣವೇ ಇಲ್ಲದ ಮೇಲೆ ಕಣಗಳು ಕೂಡಿ ದಪ್ಪವಾಗುವ ಮಾತೆಲ್ಲಿ? ಜಕ್ಕೂರಿನ ಜವಾಹರಲಾಲ್ ನೆಹರೂ ಕೇಂದ್ರದಲ್ಲಿ ಪ್ರೊ. ಸೆಬಾಸ್ಟಿಯನ್ ಪೀಟರ್ ಅವರ ಗುಂಪು ಕಾರ್ಬನ್ ಡೈಆಕ್ಸೈಡ್‌ನಿಂದ ಮೆಥನಾಲ್ ಮಾಡುವ ಕೆಲಸ ಮಾಡಿದೆ, ಅಲ್ಲಿಂದ ಹುಟ್ಟಿದ 'ಬ್ರೀದ್' ಕಂಪನಿ ಕಾರ್ಬನ್ ಎಕ್ಸ್‌ಪ್ರೈಜ್ ಸ್ಪರ್ಧೆಯ ಕೊನೆಯ ಸುತ್ತಿಗೂ ಹೋಗಿತ್ತು. ನಿಮಗೆ ಬಂದ ಕ್ಯಾಟಲಿಸ್ಟನ್ನು ಹೊರಗಿನ ಒಂದು ಕೈಯಿಂದ ಪರೀಕ್ಷೆ ಮಾಡಿಸಬೇಕೆಂದರೆ ಈ ವಿಷಯ ಬಲ್ಲವರು ದೂರ ಇಲ್ಲ ಅಂತ ಹೇಳುತ್ತಿದ್ದೇನೆ.

ನೀವು ಕೇಳದ ಒಂದು ಲೆಕ್ಕವನ್ನೂ ಹೇಳಿಬಿಡುತ್ತೇನೆ, ಯಾಕೆಂದರೆ ಎಂ.ಡಿ. ಕೇಳುವುದು ಅದನ್ನೇ. ದಿನಕ್ಕೆ 60 ಸಾವಿರ ಲೀಟರ್ ಆಲ್ಕೋಹಾಲ್ ಅಂದರೆ ಸುಮಾರು 45 ಟನ್ ಕಾರ್ಬನ್ ಡೈಆಕ್ಸೈಡ್. ಅಷ್ಟನ್ನೂ ಮೀಥೇನ್ ಮಾಡಲು ದಿನಕ್ಕೆ 8 ಟನ್ನಿಗಿಂತ ಜಾಸ್ತಿ ಹೈಡ್ರೋಜನ್ ಬೇಕು. ಎಲೆಕ್ಟ್ರೋಲೈಸರ್‌ನಲ್ಲಿ ಕೆ.ಜಿ.ಗೆ 50 ಯೂನಿಟ್ ಅಂದರೂ ದಿನಕ್ಕೆ 4 ಲಕ್ಷ ಯೂನಿಟ್, ಹಗಲೂ ರಾತ್ರಿ 17 ಮೆಗಾವಾಟ್. ಮೆಥನಾಲ್‌ಗಾದರೆ 13 ಮೆಗಾವಾಟ್. ನಿಮ್ಮ ಕೋ-ಜನರೇಶನ್‌ನಿಂದ (ಕಬ್ಬಿನ ಸಿಪ್ಪೆ ಸುಟ್ಟು ವಿದ್ಯುತ್ ಮಾಡುವ ಘಟಕ) ಗ್ರಿಡ್‌ಗೆ ಮಾರುವ ವಿದ್ಯುತ್ತನ್ನೇ ಇಲ್ಲಿಗೆ ತಿರುಗಿಸಬೇಕಾದೀತು. ಯೂನಿಟ್‌ಗೆ 6 ರೂಪಾಯಿ ಹಿಡಿದರೆ, ಒಂದು ಕೆ.ಜಿ. ಮೆಥನಾಲ್‌ಗೆ ಹೈಡ್ರೋಜನ್‌ನ ಕರೆಂಟ್ ಖರ್ಚೇ 56 ರೂಪಾಯಿ ಆಗುತ್ತದೆ. ಇದರ ಮುಂದೆ ಕ್ಯಾಟಲಿಸ್ಟ್ ಬೆಲೆ ಏನೂ ಅಲ್ಲ. ಆದರೆ ಕ್ಯಾಟಲಿಸ್ಟ್ ಸತ್ತು ಪ್ಲಾಂಟ್ ನಿಂತರೆ ಎಲೆಕ್ಟ್ರೋಲೈಸರ್‌ಗೆ ಸುರಿದ ದುಡ್ಡೂ ಸುಮ್ನೆ ಕೂರುತ್ತದೆ. ಅದೇ ಕಾರ್ಬನ್ ಡೈಆಕ್ಸೈಡನ್ನು ತೊಳೆದು, ದ್ರವ ಮಾಡಿ, ತಂಪು ಪಾನೀಯಕ್ಕೆ, ಡ್ರೈ ಐಸ್‌ಗೆ ಮಾರುವ ಡಿಸ್ಟಿಲರಿಗಳಿವೆ. ಸದ್ಯಕ್ಕೆ ನಾನಾದರೆ ಅದನ್ನು ಮೊದಲು ನೋಡುತ್ತೇನೆ. ಅದಕ್ಕೂ ಗಂಧಕ ತೆಗೆಯಲೇಬೇಕು, ಹಾಗಾಗಿ ಶುದ್ಧೀಕರಣಕ್ಕೆ ಹಾಕಿದ ದುಡ್ಡು ಮುಂದೆ ಎಲ್ಲಿಗೆ ಹೋದರೂ ಉಪಯೋಗಕ್ಕೆ ಬರುತ್ತದೆ.

ಆಡಳಿತದವರು ಆದರೂ ಮುಂದುವರಿಯೋಣ ಅಂದರೆ, ಪೂರ್ತಿ ಪ್ಲಾಂಟ್‌ಗೆ ಸಹಿ ಹಾಕುವ ಮೊದಲು ಒಂದು ಸಣ್ಣ ಸ್ಕಿಡ್ (ಚೌಕಟ್ಟಿನ ಮೇಲೆ ಕೂರಿಸಿದ ಪರೀಕ್ಷಾ ಘಟಕ) ತಂದು ನಿಮ್ಮ ಫರ್ಮೆಂಟರ್ ಪಕ್ಕದಲ್ಲೇ ಇಡಲು ಹೇಳಿ. ಪುಡಿ ಬೇಡ, ಪ್ಲಾಂಟ್‌ಗೆ ಹಾಕುವ ಪೆಲೆಟ್ಟೇ ಇರಲಿ. ನಿಮ್ಮ ಗ್ಯಾಸೇ ಹೋಗಲಿ, ಒಂದು ಹಂಗಾಮು ಪೂರ್ತಿ ಓಡಲಿ, ನಡುವೆ ಬೇಕೆಂದೇ ಕೆಲವು ಸಲ ನಿಲ್ಲಿಸಿ ಶುರು ಮಾಡಿಸಿ. ಬೆಡ್‌ನ ತಾಪಮಾನದ ದಾಖಲೆ ನಿಮ್ಮ ಕಂಪ್ಯೂಟರ್‌ಗೂ ಬರಲಿ. ಕೊನೆಗೆ ಬೆಡ್ ಬಿಚ್ಚುವಾಗ ಮೇಲಿನ, ನಡುವಿನ, ತಳದ ಪೆಲೆಟ್‌ಗಳನ್ನು ಬೇರೆ ಬೇರೆ ಡಬ್ಬಿಗೆ ಹಾಕಿಸಿ ಗಂಧಕ ಅಳೆಸಿ. ಮೇಲಿನದರಲ್ಲಿ ಜಾಸ್ತಿ, ತಳದಲ್ಲಿ ಏನೂ ಇಲ್ಲ ಅಂದರೆ ವಿಷ ಗ್ಯಾಸ್‌ನಿಂದಲೇ ಬರುತ್ತಿದೆ, ಎಷ್ಟು ವೇಗದಲ್ಲಿ ಇಳಿಯುತ್ತಿದೆ ಅಂತ ಲೆಕ್ಕ ಹಾಕಬಹುದು. ಗಂಧಕ ಎಲ್ಲೂ ಇಲ್ಲ, ಆದರೂ ಶಕ್ತಿ ಕುಂದಿದೆ ಅಂದರೆ ಬಿಸಿ ಮತ್ತು ಹಬೆಯ ಕೆಲಸ. ಆಗ ದೂರಬೇಕಾದ್ದು ಗ್ಯಾಸನ್ನಲ್ಲ, ಅವರ ರಿಯಾಕ್ಟರ್ ಡಿಸೈನನ್ನು.

ಒಪ್ಪಂದದಲ್ಲಿ 'ಕನ್ವರ್ಷನ್ ಶೇ 98' ಅಂತ ಬರೆಸಿಕೊಂಡರೆ ಆ ಊದಿನಕಡ್ಡಿಯ ಹೊಗೆಗೆ ಗ್ಯಾರಂಟಿ ತೆಗೆದುಕೊಂಡ ಹಾಗೆ. ಅದರ ಬದಲು, ಒಳಗೆ ಹೋಗುವ ಗ್ಯಾಸ್‌ನಲ್ಲಿ ಗಂಧಕ ಇಷ್ಟರೊಳಗಿದ್ದರೆ ತಾಪ ಏರುವ ಆ ಬಿಸಿ ಪಟ್ಟಿ 8,000 ಗಂಟೆಯಲ್ಲಿ ಬೆಡ್‌ನ ಇಷ್ಟು ಭಾಗಕ್ಕಿಂತ ಕೆಳಗೆ ಇಳಿಯಬಾರದು ಅಂತ ಬರೆಸಿ. ಗಂಧಕ ಅಳೆಯುವ ಜವಾಬ್ದಾರಿ ಯಾರದ್ದು ಅಂತಲೂ ಬರೆಸಿ, ಇಲ್ಲದಿದ್ದರೆ ನಾಳೆ 'ನಿಮ್ಮ ಗ್ಯಾಸೇ ಕೆಟ್ಟದ್ದು' ಅಂತ ಕೈ ತೊಳೆದುಕೊಳ್ಳುತ್ತಾರೆ. ಖಾಲಿಯಾದ ಕ್ಯಾಟಲಿಸ್ಟ್ 2016ರ ನಿಯಮಗಳ ಪ್ರಕಾರ ಅಪಾಯಕಾರಿ ತ್ಯಾಜ್ಯ. ಹಿತ್ತಲಲ್ಲಿ ರಾಶಿ ಹಾಕುವಂತಿಲ್ಲ, ಅನುಮತಿ ಇರುವ ಮರುಬಳಕೆದಾರರಿಗೇ ಕೊಡಬೇಕು. ಅದನ್ನು ಹೊರತೆಗೆಯುವ, ಸಾಗಿಸುವ ಖರ್ಚು ಸರಬರಾಜುದಾರರದ್ದು ಅಂತ ಈಗಲೇ ಬರೆಸಿಕೊಳ್ಳಿ. ಅದರಲ್ಲಿ ಉಳಿದ ನಿಕ್ಕಲ್‌ಗೆ ಬೆಲೆ ಬರುತ್ತದೆ, ಆ ದುಡ್ಡು ಯಾರಿಗೆ ಅಂತಲೂ.